ಅಚ್ಚಿಗೆ ಮುಂಚೆ ಒಂದು ಕರೆ

ಬೆಳಗಿನ ಆರೂಕಾಲು. ಸಂಜೆ ಪತ್ರಿಕೆಯ ಕಚೇರಿಯಲ್ಲಿ ಇನ್ನೂ ಕಸ ಗುಡಿಸಿಲ್ಲ. ಕಿಟಕಿ ಪಕ್ಕದ ಮೇಜಿನಲ್ಲಿ ನಂಬರಕ್ಕ ಕರಡು ಪುಟದ ಮೇಲೆ ಅಡಿಪಟ್ಟಿ ಇಟ್ಟು, ಒಂದೊಂದೇ ಅಂಕಿ ನೋಡಿಕೊಂಡು ಫೋನ್ ಒತ್ತುತ್ತಿದ್ದಾರೆ.

"ಹೊಲಿಗೆ ಯಂತ್ರ ಮಾರೋದಿದೆ ಅಂತ ಕೊಟ್ಟಿದ್ದೀರಲ್ಲ, ನೀವೇನಾ?"

"ಕೋಳಿ ಕೂಗೋಕೆ ಮುಂಚೆ ಎಬ್ಬಿಸ್ತೀರಲ್ಲ ತಾಯಿ, ನಿಮಗೆ ನಿದ್ದೆ ಬರಲ್ವಾ?"

"ನಂಬರ್ ಸರಿಯಿದೆ ಅಂತಾಯ್ತು. ಮಲ್ಕೊಳ್ಳಿ." ಅಕ್ಕ ಕೆಂಪು ಗೀಟು ಎಳೆಯುತ್ತಾರೆ.

ಕಿರುಜಾಹೀರಾತಿನ ಪ್ರತಿ ಸಂಖ್ಯೆಗೂ ಅಚ್ಚಿಗೆ ಮುಂಚೆ ಕರೆ ಮಾಡಿ ನೋಡುವುದು ಇಪ್ಪತ್ತಾರು ವರ್ಷಗಳಿಂದ ಇವರ ಕೆಲಸ. "ಇವಳಿಗೆ ನನ್ನ ಹುಟ್ಟಿದ ದಿನ ನೆನಪಿಲ್ಲ, ಊರವರ ನಂಬರೆಲ್ಲ ಬಾಯಿಪಾಠ," ಎಂದು ಗಂಡ ಛೇಡಿಸುತ್ತಾರೆ. ಒಂದು ಕಾಲಕ್ಕೆ ದಿನಕ್ಕೆ ಇನ್ನೂರು ಜಾಹೀರಾತು, ಕರೆ ಮಾಡಲು ನಾಲ್ವರು. ಈಗ ಹನ್ನೊಂದು, ಅಕ್ಕ ಒಬ್ಬರೇ. ಬಾಡಿಗೆ ಮನೆ, ಹಳೇ ಸೈಕಲ್ಲು, ವಧೂವರರು ಎಲ್ಲ ಮೊಬೈಲಿನೊಳಗೆ ಹೋಗಿ ಕೂತರು. ಅಲ್ಲಿ ಜಾಹೀರಾತೇ ಜನರ ಬೆನ್ನು ಹತ್ತುತ್ತದೆ. ಅಂಕಿ ತಪ್ಪಿದರೆ ಹೇಳುವವರಿಲ್ಲ, ಕೇಳುವವರಿಲ್ಲ. ತಿಂಗಳ ಕೊನೆಗೆ ಈ ಪುಟ ನಿಲ್ಲುತ್ತದೆ, ಜೊತೆಗೆ ಅಕ್ಕನ ಕೆಲಸವೂ.

ಅವರನ್ನು ಕೊರೆಯುವುದು ಕೆಲಸ ಹೋಗುವುದಲ್ಲ. ಹನ್ನೆರಡು ವರ್ಷದ ಹಿಂದೆ ಒಬ್ಬ ತಾಯಿ ಕಾಣೆಯಾದ ಮಗಳಿಗಾಗಿ ಜಾಹೀರಾತು ಕೊಟ್ಟಿದ್ದರು.

"ಎರಡು ಸಲ ಮಾಡಿದೆ, ಎಂಗೇಜ್ ಬಂತು. ಸರಿ ಇರುತ್ತೆ ಬಿಡು ಅಂದ್ಕೊಂಡೆ," ಎಂದು ಅಕ್ಕ ತಮ್ಮ ಬಗ್ಗೆ ಬರೆಯಲು ಬಂದ ನನಗೆ ಹೇಳುತ್ತಾರೆ. ಕೊನೆಯ ಎರಡು ಅಂಕಿ ಅದಲುಬದಲಾಗಿದ್ದವು. ಮರುದಿನ ತಪ್ಪು ಸಂಖ್ಯೆಯವನನ್ನೇ ಹಿಡಿದು ವಿಚಾರಿಸಿದರು. "ಮೂರ್ನಾಲ್ಕು ಜನ ಮಾಡಿದ್ರು. ರಾಂಗ್ ನಂಬರ್ ಅಂತ ಇಟ್ಬಿಟ್ಟೆ," ಎಂದನಂತೆ.

"ಆ ತಾಯಿ ಇವತ್ತಿನವರೆಗೂ ಒಂದು ಮಾತು ಬೈದಿಲ್ಲ. ಬೈದಿದ್ರೆ ಚೆನ್ನಾಗಿತ್ತು."

ಅಂದಿನಿಂದ ಪ್ರತಿ ಶನಿವಾರ ಸರಿಯಾದ ಸಂಖ್ಯೆಯೊಂದಿಗೆ ಅದೇ ಜಾಹೀರಾತು. ಪ್ರತಿ ಶನಿವಾರ ಅಕ್ಕನ ಕರೆ. ಮೊದಲ ರಿಂಗ್ ಮುಗಿಯುವ ಮೊದಲೇ ಆ ತಾಯಿ ಎತ್ತುತ್ತಾರೆ. "ಹಲೋ ಅನ್ನೋಕೆ ಬಿಡಲ್ಲ ನಾನು. ಪೇಪರಿನವಳು ಅಂದ್ಬಿಡ್ತೀನಿ, ಆಸೆ ಹುಟ್ಟೋಕೆ ಮುಂಚೆ."

ಇವತ್ತು ಶನಿವಾರ. ಅಕ್ಕ ಆ ಸಂಖ್ಯೆ ಒತ್ತುತ್ತಾರೆ.

"ಪೇಪರಿನವಳಮ್ಮ. ತಿಂಗಳ ಕೊನೆಗೆ ನಮ್ಮ ಪುಟ ನಿಲ್ಲಿಸ್ತಿದ್ದಾರೆ."

"ಹಾಗಾದ್ರೆ ಶನಿವಾರ ನೀವು ಮಾಡಲ್ವಾ?"

"ಮಾಡಿ ಅಂದ್ರೆ ಮಾಡ್ತೀನಿ. ಸುಮ್ನೆ ಮಾತಾಡೋಕೆ."

"ಬೇಡಮ್ಮ," ಎನ್ನುತ್ತಾರೆ ತಾಯಿ. "ನೀವು ಮಾತಾಡೋ ಹೊತ್ತಲ್ಲೇ ಅವಳು ಮಾಡಿದ್ರೆ, ಎಂಗೇಜ್ ಬರುತ್ತೆ."

ಫೋನ್ ಇಟ್ಟ ಅಕ್ಕ ಆ ಸಂಖ್ಯೆಯ ಕೆಳಗೆ ಗೀಟು ಎಳೆಯುತ್ತಾರೆ. ಅಡಿಪಟ್ಟಿಯನ್ನು ಮುಂದಿನ ಸಾಲಿಗೆ ಇಳಿಸುತ್ತಾರೆ.

"ಆಮೇಲೆ ಹನ್ನೆರಡು ವರ್ಷ ಒಂದು ಅಂಕಿಯೂ ತಪ್ಪಿಲ್ಲ. ಬರೆಯೋದಾದ್ರೆ ಅಷ್ಟು ಬರ್ಕೊಳ್ಳಿ."