ಹೊರಬೀಡಿನ ದಿನ ಊರೊಳಗೆ ಉಳಿದ ಡೇರೆ

ನಮ್ಮೂರಲ್ಲಿ ಒಂಟಿ ಕರೆಗೆ ಯಾರೂ ಓಗೊಡುವುದಿಲ್ಲ. ಎರಡು ಸಲ ಕರೆದರೆ ಮನುಷ್ಯರು, ಒಂದೇ ಸಲ ಕರೆದು ಸುಮ್ಮನಾದರೆ ಅದು ಬೇರೆ ಏನೋ ಎಂದು ಹಾಲು ಕುಡಿಯುವಾಗಲೇ ಕಲಿತವರು ನಾವು. ಫೋನನ್ನು ಕೂಡ ಎರಡನೇ ಸಲ ಬಡಿದುಕೊಂಡ ಮೇಲೆ ಎತ್ತುವ ಹಿರಿಯರಿದ್ದಾರೆ. ಯಮನೂರಸಾಬನೂ ಆ ಬೇಸಿಗೆಯ ತನಕ ಹಾಗೆಯೇ ಇದ್ದ.

ಅವನು ಪಂಚಾಯಿತಿಯ ನೀರು ಬಿಡುವವನು. ಕಪ್ಪತಗುಡ್ಡದ ಹುಚ್ಚು ಹತ್ತಿದ ಪೇಟೆಯ ಹುಡುಗರು ಡೇರೆ ಹೊತ್ತುಕೊಂಡು ಮುಂಡರಗಿ ಕಡೆಯಿಂದ ಬರತೊಡಗಿದ ಮೇಲೆ ಅವನಿಗೆ ಇನ್ನೊಂದು ಕೆಲಸ ಗಂಟುಬಿತ್ತು. ಗುಡ್ಡದೊಳಗೆ ರಾತ್ರಿ ತಂಗಲು ಅರಣ್ಯದವರು ಬಿಡುವುದಿಲ್ಲ, ಬಂದವರು ವಾಪಸ್ ಹೋಗುವುದಿಲ್ಲ. ಕೆರೆಯ ದಂಡೆ, ರಾಶಿ ಮಾಡುವ ಕಣ, ಕಡೆಗೆ ಗೋರಿಗಳ ಬಯಲು, ಎಲ್ಲಿ ಮನಸ್ಸು ಬಂದರೆ ಅಲ್ಲಿ ಡೇರೆ ಬಿಚ್ಚಿದರು. ಒಮ್ಮೆ ಅವರ ಒಲೆಯ ಕಿಡಿ ಹಾರಿ ಸಂಗಪ್ಪನ ಮೇವಿನ ಬಣವೆ ಸುಟ್ಟುಹೋಯಿತು. ಆಗ ಗ್ರಾಮಸಭೆ ಸೇರಿ ಕಟ್ಟಳೆ ಮಾಡಿತು. ಡೇರೆ ಹಾಕುವುದಾದರೆ ಶಾಲೆಯ ಕಂಪೌಂಡಿನೊಳಗೆ ಮಾತ್ರ, ಬೆಂಕಿ ಇಲ್ಲ, ಕುಡಿತ ಇಲ್ಲ, ಕತ್ತಲಾದರೆ ಗೇಟಿಗೆ ಕೀಲಿ. ಕೀಲಿಕೈ ಯಮನೂರಸಾಬನ ಸೊಂಟಕ್ಕೆ ಬಂತು. ಅವನೂ ಆ ಕೀಲಿಕೈಯನ್ನು ತಹಶೀಲ್ದಾರರ ಗತ್ತಿನಲ್ಲೇ ಹೊತ್ತು ತಿರುಗಿದ. ಬಿಸ್ಕಿಟಿನ ಹಾಳೆ ಬಿಸಾಡಿದವರಿಗೆ ಅವನಿಂದ ಸಿಕ್ಕ ಮಂಗಳಾರತಿಯನ್ನು ನಾವೆಲ್ಲ ಕೇಳಿದ್ದೇವೆ.

ಆ ಬೇಸಿಗೆ ಊರಿನ ಮಕ್ಕಳ ಮೈಮೇಲೆ ಗುಳ್ಳೆ ಎದ್ದವು. ಆಸ್ಪತ್ರೆಗೂ ತೋರಿಸಿದೆವು, ಮಂಗಳವಾರ ಹೊರಬೀಡನ್ನೂ ಹಿಡಿದೆವು. ಹೊರಬೀಡು ಎಂದರೆ ಹೊತ್ತು ಮೂಡುವ ಮೊದಲೇ ಒಲೆ ಆರಿಸಿ, ದನ, ಆಡು, ಕೋಳಿ, ನಾಯಿ ಸಮೇತ ಇಡೀ ಊರು ಹೊಲಗಳಿಗೆ ಹೋಗಿ ಬೀಡು ಬಿಡುವುದು. ಊರ ಹೆಬ್ಬಾಗಿಲಾದ ಅಗಸಿಗೆ ಜಾಲಿ ಮುಳ್ಳು ಬೀಳುತ್ತದೆ. ಸಂಜೆ ದೀಪ ಹಚ್ಚುವ ತನಕ ಊರೊಳಗೆ ಯಾರೂ ಕಾಲಿಡುವಂತಿಲ್ಲ, ಏಕೆಂದರೆ ಆ ಹಗಲು ಊರು ಗ್ರಾಮದೇವತೆ ದ್ಯಾಮವ್ವನದು. ಮಸೀದಿ ಓಣಿಯವರೂ ನಮ್ಮೊಂದಿಗೇ ಹೊರಡುತ್ತಾರೆ. ಪ್ರತಿ ಓಣಿಯ ಹಿರಿಯ ತನ್ನ ಓಣಿಯ ಬಾಗಿಲುಗಳನ್ನು ಬಡಿದು, ಯಾರೂ ಉಳಿದಿಲ್ಲ ಎಂದು ನೋಡಿಯೇ ಹೊರಗೆ ಬರಬೇಕು. ಶಾಲೆ ಮಾತ್ರ ಯಾವ ಓಣಿಗೂ ಸೇರಿರಲಿಲ್ಲ.

ಹಿಂದಿನ ದಿನವೇ ಯಮನೂರಸಾಬ ಡೇರೆಯವರಿಗೆಲ್ಲ ಜಾಗ ಖಾಲಿ ಮಾಡಲು ಹೇಳಿದ್ದ. ಸಂಜೆ ಗೇಟಿನಿಂದ ಇಣುಕಿದಾಗ ಧ್ವಜದ ಕಟ್ಟೆಯ ಸುತ್ತ ಬರೀ ನೆಲ ಕಂಡಿತು. ಎಲ್ಲರೂ ಹೋದರೆಂದು ಕೀಲಿ ಹಾಕಿಕೊಂಡು ಬಂದ.

ಮರುದಿನ ಮಧ್ಯಾಹ್ನ ಹೊಲದಲ್ಲಿ ಸೀರೆಗಳ ನೆರಳು ಕಟ್ಟಿ ಎಲ್ಲರೂ ರೊಟ್ಟಿ ಬಿಚ್ಚಿದ್ದೆವು. ಯಮನೂರಸಾಬನ ಹೆಂಡತಿ ದಿಲಶಾದಬಿ ಒಮ್ಮೆಲೇ ತುತ್ತು ಕೆಳಗಿಟ್ಟಳು.

"ಏನ್ರಿ, ಆ ಹುಬ್ಬಳ್ಳಿ ಹುಡುಗಿ ಗಾಡಿ ಇನ್ನೂ ನಮ್ಮ ಹಿತ್ತಲದಾಗ ನಿಂತೈತಲ್ರಿ. ಆಕಿ ಹೆಂಗ ಹೋದ್ಲು?"

ಹುಡುಗಿಯ ಹೆಸರು ಐಶ್ವರ್ಯಾ. ಒಬ್ಬಳೇ ಬಂದಿದ್ದಳು, ಸ್ಕೂಟರನ್ನು ಇವರ ಹಿತ್ತಲಲ್ಲಿ ನಿಲ್ಲಿಸಿದ್ದಳು. ಯಮನೂರಸಾಬ ಫೋನ್ ಹಚ್ಚಿದ. ಸ್ವಿಚ್ ಆಫ್. ನೈಲಾನಿನ ಡೇರೆ, ನೆತ್ತಿಯ ಮೇಲೆ ನಮ್ಮ ಏಪ್ರಿಲ್ ಬಿಸಿಲು, ಗೇಟಿಗೆ ಹೊರಗಿನಿಂದ ಕೀಲಿ. ಅವನು ಅಗಸಿಗೆ ಓಡಿದ, ನಾವೂ ಹಿಂದೆ ಹೋದೆವು.

ಅಗಸಿಯಲ್ಲಿ ಮುಳ್ಳು ಕಾಯುತ್ತ ಕುಳಿತಿದ್ದವರು ಊರಿನ ಹಿರಿಯ ಚನ್ನಬಸವಣ್ಣ.

"ಲೇ ಯಮನೂರಾ, ಮುಳ್ಳು ಮುಟ್ಟಬ್ಯಾಡ."

"ಒಳಗ ಹುಡುಗಿ ಉಳದಾಳ್ರಿ ಅಣ್ಣಾರ. ಗೇಟಿಗೆ ನಾನ ಕೀಲಿ ಹಾಕೇನಿ."

"ಉಳದಾಳಂತ ಖರೇನ ಗೊತ್ತೈತೇನು? ತಿಳಕೊ. ಹೊರಬೀಡು ಮುರದು ನಾಳೆ ಯಾರ ಮನಿ ಕೂಸಿಗರ ಏನರ ಆದ್ರ, ಊರು ನಿನ್ನ ಒಬ್ಬನ್ನ ಕೇಳತೈತಿ."

ಅವರು ಹೆದರಿಸಲು ಹೇಳಿದ್ದಲ್ಲ, ಇದ್ದದ್ದನ್ನೇ ಹೇಳಿದ್ದು. ಅದೇ ನನಗೆ ಇಂದಿಗೂ ಸಿಟ್ಟು ತರಿಸುತ್ತದೆ. ಸುತ್ತ ನಿಂತ ನಾವು ಒಬ್ಬರೂ ಜೊತೆಗೆ ಬರುತ್ತೇವೆ ಎನ್ನಲಿಲ್ಲ. ದಿಲಶಾದಬಿ ಒಬ್ಬಳೇ "ಹೋಗ್ರಿ" ಎಂದಳು. ಅವನು ಮುಳ್ಳು ಸರಿಸಿ ಒಳಗೆ ಹೋದ.

ಮುಂದಿನದನ್ನು ಅವನೇ ನನಗೆ ಹೇಳಿದ್ದು. ಹುಟ್ಟಿದಂದಿನಿಂದ ನಡೆದ ಓಣಿಯಲ್ಲಿ ದಾರಿ ತಪ್ಪಿದಂತಾಯಿತಂತೆ. ನಾಯಿ ಬೊಗಳಲಿಲ್ಲ, ಕೋಳಿ ಕೆದಕಲಿಲ್ಲ. ಎಲ್ಲ ಬಾಗಿಲಿಗೂ ಬೇವಿನ ಟೊಂಗೆ. ಗುಡ್ಡದ ಮೇಲಿನ ಗಾಳಿಯಂತ್ರಗಳ ಸದ್ದು ಊರೊಳಗೆ ಅಷ್ಟು ಹತ್ತಿರ ಕೇಳಿದ್ದು ಅದೇ ಮೊದಲು, ಯಾರೋ ಬೆನ್ನ ಹಿಂದೆ ಉಸಿರು ಬಿಟ್ಟಂತೆ. ಗದಿಗೆವ್ವನ ಮನೆಯ ಕಟ್ಟೆ ಆಗಷ್ಟೇ ಸಾರಿಸಿದಂತೆ ಹಸಿಯಾಗಿತ್ತು. ಗದಿಗೆವ್ವ ನಸುಕಿನಿಂದ ಹೊಲದಲ್ಲಿ ನಮ್ಮ ಪಕ್ಕದಲ್ಲೇ ಇದ್ದಳು. ಅವನು ಆ ಕಡೆ ಮತ್ತೆ ನೋಡಲಿಲ್ಲ.

ಗೇಟು ತೆಗೆದ. ಬಯಲು ಖಾಲಿ. "ಏ ತಂಗೀ" ಎಂದು ಕೂಗಿದ, ಉತ್ತರ ಬರಲಿಲ್ಲ. ಇಲ್ಲ, ಹೋಗಿದ್ದಾಳೆ, ಬಸ್ಸಿನಲ್ಲಿ ಹೋಗಿರಬೇಕು ಎಂದು ಜೀವ ಹಗುರಾಯಿತು. ಇನ್ನು ಒಂದು ಗಳಿಗೆಯೂ ಇಲ್ಲಿರಬಾರದೆಂದು ತಿರುಗಿದ.

"ಯಮನೂರಸಾಬಾ."

ಹೆಂಗಸಿನ ದನಿ. ಬಿಸಿಯೂಟದ ಕೋಣೆಯ ಕಡೆಯಿಂದ, ಪಕ್ಕದ ಅಂಗಳದವರು ಕರೆದಷ್ಟು ಸಲೀಸಾಗಿ. ಒಂದೇ ಸಲ. ಅವನು ಕಲ್ಲಾಗಿ ನಿಂತ. ಎರಡನೇ ಕರೆ ಬರಲಿ ಎಂದು ಕಾದ. ಬರಲಿಲ್ಲ. ಕಾಲುಗಳು ಗೇಟಿನ ಕಡೆ ಎಳೆದವು. ಕರೆದವಳು ಆ ಹುಡುಗಿಯೇ ಆಗಿದ್ದರೆ, ಎರಡನೇ ಸಲ ಕರೆಯುವ ತ್ರಾಣ ಅವಳಿಗೆ ಇಲ್ಲದಿದ್ದರೆ?

"ಓ" ಎಂದ.

ಕೋಣೆಯ ಹಿಂದೆ, ಹಿಂದಿನ ದಿನ ನೆರಳಿದ್ದು ಈಗ ಬಿಸಿಲು ಬಿದ್ದ ಜಾಗದಲ್ಲಿ ಡೇರೆ ಇತ್ತು. ಜಿಪ್ ಎಳೆದರೆ ಒಳಗಿನಿಂದ ಒಲೆಯ ಝಳ. ಐಶ್ವರ್ಯಾ ಬಾಯಿ ತೆರೆದು ಮಲಗಿದ್ದಳು, ಮೈ ಕಾದ ಹಂಚಾಗಿತ್ತು. ತನ್ನ ತಲೆಯ ಪಟಗವನ್ನು ಬಿಚ್ಚಿ ನಲ್ಲಿಯಲ್ಲಿ ತೋಯಿಸಿ ಅವಳಿಗೆ ಸುತ್ತಿ, ಹೆಗಲ ಮೇಲೆ ಹೊತ್ತು ಅಗಸಿಗೆ ಬಂದ. ಹೆಗಲ ಮೇಲಿನ ತಲೆ ಜೋತಾಡುವುದನ್ನು ಕಂಡು ಚನ್ನಬಸವಣ್ಣನವರೇ ಬರಿಗೈಯಲ್ಲಿ ಮುಳ್ಳು ಎಳೆದರು. ಮುಂಡರಗಿಯ ದವಾಖಾನೆಯ ಡಾಕ್ಟರು ಇನ್ನೊಂದು ಗಳಿಗೆ ತಡವಾಗಿದ್ದರೆ ಕಷ್ಟವಿತ್ತು ಎಂದರು.

ಅವಳಿಗೆ ಎಚ್ಚರವಾದ ಮೇಲೆ ಯಮನೂರಸಾಬ ಮಂಚದ ಪಕ್ಕ ನಿಂತು ಅತ್ತೇಬಿಟ್ಟ.

"ನೀ ಕರದಿ, ಅದಕ್ಕ ಉಳದಿ, ನನ್ನವ್ವಾ."

"ನಾ ಯಾರನ್ನೂ ಕರದಿಲ್ಲ ಕಾಕಾ. ಗುಡ್ಡದ ಬಿಸಿಲಿಗೆ ಜ್ವರ ಬಂದಿತ್ತು. ನೆರಳಿಗೆ ಡೇರೆ ಸರಿಸಿ, ಗುಳಿಗಿ ತಗೊಂಡು ಮಲಗಿದ್ದಷ್ಟ ನೆನಪೈತಿ." ಅವನ ಮುಖ ನೋಡಿ ಕೇಳಿದಳು. "ನಿಮ್ಮ ಹೆಸರೇನ್ರಿ?"

ಮಕ್ಕಳ ಗುಳ್ಳೆ ವಾರದೊಳಗೆ ಒಣಗಿದವು. ಯಾರೂ ಅವನನ್ನು ಏನೂ ಕೇಳಲಿಲ್ಲ. ಮುಂದಿನ ಗ್ರಾಮಸಭೆಯಲ್ಲಿ ಶಾಲೆಯ ಬಯಲನ್ನು ಚನ್ನಬಸವಣ್ಣನವರು ತಮ್ಮ ಓಣಿಗೆ ಸೇರಿಸಿಕೊಂಡರು. ಈಗ ಹೊರಬೀಡಿನ ನಸುಕಿನಲ್ಲಿ ಕಂದೀಲು ಹಿಡಿದು ಡೇರೆ ಹುಡುಕುವವರು ಅವರೇ.

ಯಮನೂರಸಾಬ ಮಾತ್ರ ಬದಲಾದ. ನಾವು ಕೊಡಗಳನ್ನು ಪಾಳಿಗಿಟ್ಟು ನಿಂತಿರುತ್ತೇವೆ, ಅವನು ನೀರು ಬಿಡುತ್ತಿರುತ್ತಾನೆ. ನಡುವೆಯೇ ಶಾಲೆಯ ಕಡೆ ಮುಖ ತಿರುಗಿಸಿ "ಓ, ಬಂದೆ" ಎಂದು ಹೊರಟುಬಿಡುತ್ತಾನೆ. ನಮಗೆ ಯಾವ ಕರೆಯೂ ಕೇಳಿಸಿರುವುದಿಲ್ಲ. ಮೊದಮೊದಲು ನಗುತ್ತಿದ್ದೆವು. ಈಗ ಕೊಡ ಅಲ್ಲೇ ಬಿಟ್ಟು ಅವನ ಹಿಂದೆ ಹೋಗುತ್ತೇವೆ.