ಅರ್ಧ ಚಮಚ ಶೇಂಗಾಪುಡಿ

ಕಾಕುವಿನ ಬಲ ಅಂಗೈ ಎಡ ಅಂಗೈಗಿಂತ ಅಗಲವಾಗಿ ಕಾಣುತ್ತಿತ್ತು. ನಲವತ್ತು ವರ್ಷ ಜೋಳದ ರೊಟ್ಟಿ ಬಡಿದು ಚರ್ಮ ದಪ್ಪಗಟ್ಟಿ, ಗೆರೆಗಳೆಲ್ಲ ಮಾಸಿದ್ದವು. ಮಾತಿನ ನಡುವೆ ಆ ಕೈ ಬೆನ್ನಿಗೆ ಬಿದ್ದರೆ, ಅದು ಪ್ರೀತಿಯೋ ಗದರಿಕೆಯೋ ಥಟ್ಟನೆ ತಿಳಿಯುತ್ತಿರಲಿಲ್ಲ.

ಗದಗದ ಕಡೆಯವರು. ಅವರ ಯಜಮಾನರು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಅಧಿಕಾರಿ. ದೆಹಲಿಯ ಸರೋಜಿನಿ ನಗರದ ಕ್ವಾರ್ಟರ್ಸಿನಲ್ಲಿ ಕೆಳಗಿನ ಮನೆ ಅವರದು; ಮೇಲಿನ ಮನೆಯಲ್ಲಿ ನಾನು, ಪಾವಗಡದಿಂದ ಬಂದ ಒಂಟಿ ಗುಮಾಸ್ತ. ಮೊದಲ ದಿನ ಆಂಟಿ ಎಂದು ಕರೆದಿದ್ದಕ್ಕೆ, “ಆಂಟಿ ಗೀಂಟಿ ಬ್ಯಾಡ, ಕಾಕು ಅನ್ನು” ಎಂದಿದ್ದರು.

ನಾನು ಕಡಲೆಕಾಯಿ ತಿಂದೇ ಬೆಳೆದವನು. ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ಒಂದು ಸಂಜೆ, ಬಸ್‌ಸ್ಟಾಪಿನಲ್ಲಿ ಬಿಸಿ ಕಡಲೆಕಾಯಿ ತಿನ್ನುತ್ತಿದ್ದಾಗ ತುಟಿ ಊದಿತು, ಉಸಿರು ಕಟ್ಟಿತು. ದೊಡ್ಡವರಾದ ಮೇಲೂ ಅಲರ್ಜಿ ಬರುತ್ತದೆ, ಇನ್ನು ಒಂದು ಕಾಳೂ ಬಾಯಿಗೆ ಹೋಗಬಾರದು ಎಂದರು ಡಾಕ್ಟರು. ಅಲ್ಲಿಂದಾಚೆ ಮದುವೆಮನೆ, ಆಫೀಸಿನ ಪಾರ್ಟಿ ಎಲ್ಲ ಕಡೆಯೂ ನಾನು ಡಬ್ಬಿ ಹೊತ್ತುಕೊಂಡು ಹೋಗುವವನಾದೆ. “ಇಷ್ಟು ದಿನ ತಿಂದೋನಿಗೆ ಈಗೇನಪ್ಪ ಬಂತು?” ಎಂದು ನಗುವವರ ಮುಂದೆ ವಿವರಿಸಿ ವಿವರಿಸಿ ಸಾಕಾಗುತ್ತಿತ್ತು.

ಕಾಕುವೂ ನಂಬಲಿಲ್ಲ. ಶೇಂಗಾ ಬೀಳದ ಪಲ್ಯ ಅವರ ಲೆಕ್ಕದಲ್ಲಿ ಪಲ್ಯವೇ ಅಲ್ಲ. ನನಗೆಂದು ಬೇರೆ ತೆಗೆದಿಡುತ್ತಿದ್ದರು ನಿಜ, ಆದರೆ ಗೊಣಗದೆ ಅಲ್ಲ. “ಶೇಂಗಾ ತಿಂದು ಯಾರರೆ ಸಾಯ್ತಾರೇನೋ ತಮ್ಮಾ? ನಿನಗ ಅಂಜಿಕಿ. ಬರೇ ಅಂಜಿಕಿ.”

ಒಂದು ಭಾನುವಾರ ಮಧ್ಯಾಹ್ನ ಅವರ ಮನೆಯಲ್ಲಿ ಊಟಕ್ಕೆ ಕೂತಿದ್ದೆ. ಮೆಂತ್ಯಸೊಪ್ಪಿನ ಪಲ್ಯ, ರೊಟ್ಟಿ. ನಾಲ್ಕನೆಯ ತುತ್ತಿಗೆ ಅಂಗೈ ನವೆ ಶುರುವಾಯಿತು. ನೋಡನೋಡುತ್ತಿದ್ದಂತೆ ಗಂಟಲು ಬಿಗಿದು ಸ್ವರವೇ ಹೊರಡದಾಯಿತು. ಯಜಮಾನರು ಆಟೋ ಕರೆದು ನನ್ನನ್ನು ಆಸ್ಪತ್ರೆಗೆ ಸಾಗಿಸಿದರು. ಕಾಕುವೂ ಜೊತೆಗೆ ಹತ್ತಿ ಕೂತರು.

ಅಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರು, “ಅಸ್ತಮಾ ಇದೆಯಾ? ಏನು ತಿಂದರು?” ಎಂದು ಹಿಂದಿಯಲ್ಲಿ ಕೇಳಿದರು. “ರೊಟ್ಟಿ, ಸೊಪ್ಪು, ಅಷ್ಟೇ” ಎಂದರು ಯಜಮಾನರು. ಅವರಿಗೆ ಗೊತ್ತಿದ್ದದ್ದೇ ಅಷ್ಟು. ಆಗ ಕಾಕು ಗಂಡನನ್ನು ಪಕ್ಕಕ್ಕೆ ಸರಿಸಿ ಮುಂದೆ ಬಂದು, ತಮ್ಮ ಹರಕು ಹಿಂದಿಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದರು: “ಮೂಂಗ್‌ಫಲಿ. ಮೈನೇ ಡಾಲಾ. ಜಾನ್‌ಬೂಝ್‌ಕರ್.” ಕಡಲೆಕಾಯಿ, ನಾನೇ ಹಾಕಿದೆ, ಬೇಕೆಂದೇ.

ಡಾಕ್ಟರು ತಕ್ಷಣ ನನ್ನ ತೊಡೆಗೆ ಅಡ್ರಿನಲಿನ್ ಚುಚ್ಚಿದರು.

ನನ್ನ ಅಂಜಿಕೆ ಬಿಡಿಸಲೆಂದು ಕಾಕು ಅರ್ಧ ಚಮಚ ಶೇಂಗಾಪುಡಿ ಬೆರೆಸಿದ್ದರಂತೆ. ತಿಂದು ಮುಗಿಸಿದ ಮೇಲೆ ಹೇಳಿ ನಗಬೇಕೆಂದಿದ್ದರಂತೆ.

ನಾನು ಮನೆಗೆ ಬಂದ ಮೂರನೆಯ ದಿನ ಕಾಕು ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತರು. “ಬೈಯೋ. ಸುಮ್ಮನಿರಬ್ಯಾಡ.”

“ಕೊಂದೇಬಿಡ್ತಿದ್ರಲ್ಲ ಕಾಕು ನೀವು ನನ್ನನ್ನ.”

“ಹೌದು” ಎಂದರು. ನಾನು ಬಾಗಿಲು ಹಾಕಿಕೊಂಡೆ.

ಎರಡು ತಿಂಗಳು ಕೆಳಗಿಳಿದು ಅವರ ಮನೆಗೆ ಹೋಗಲಿಲ್ಲ. ಕೊನೆಗೆ ಒಂದು ದಿನ ಯಜಮಾನರೇ ಮೆಟ್ಟಿಲ ಬಳಿ ತಡೆದು, “ಮನ್ಯಾಗ ಶೇಂಗಾ ಕಾಳು ನೋಡಿ ಎರಡು ತಿಂಗಳಾತಪ್ಪ. ಚಟ್ನಿಗೂ ಗುರೆಳ್ಳೇ. ನನ್ನ ಸಲುವಾಗಿ ಅಲ್ಲ, ಆಕಿ ಸಲುವಾಗಿ ಬಂದು ಉಣ್ಣು” ಎಂದರು. ಹೋದೆ. ಕಾಕು ನನಗೆ ಬಡಿಸುವ ಮೊದಲು ಪ್ರತಿ ಪದಾರ್ಥವನ್ನೂ ತಮ್ಮ ತಟ್ಟೆಗೆ ಹಾಕಿಕೊಂಡು, ಅದರಲ್ಲಿ ಏನೇನಿದೆ ಎಂದು ಒಂದೂ ಬಿಡದೆ ಹೇಳಿದರು. ನಾನು ಹಸಿವಾದವನಂತೆ ಉಂಡೆ.

ಆಮೇಲೆ ಪರಿಚಯದ ನರ್ಸೊಬ್ಬರಿಂದ ಇಂಜೆಕ್ಷನ್ ಕೊಡುವುದನ್ನೂ ಕಲಿತರು, ಬದನೆಕಾಯಿಗೆ ಚುಚ್ಚಿ ಚುಚ್ಚಿ. “ಹದಿನೈದು ಬದನಿಕಾಯಿ ಕೆಡಿಸೀನಿ” ಎಂದು ನಗುತ್ತಿದ್ದರು.

ಏಳು ವರ್ಷದ ಮೇಲೆ ನನ್ನ ಮದುವೆ ಗೊತ್ತಾಯಿತು. ಹುಡುಗಿ ದೆಹಲಿಯಲ್ಲೇ ಬೆಳೆದ ಕನ್ನಡದವಳು. ಎಲ್ಲಿ ಬೇಡವೆನ್ನುತ್ತಾಳೋ ಎಂಬ ಭಯಕ್ಕೆ, “ಸ್ವಲ್ಪ ಅಲರ್ಜಿ ಇದೆ” ಎಂದಷ್ಟೇ ಹೇಳಿದ್ದೆ. ಆಗ ಕಾಕುವಿಗೆ ಕಿಡ್ನಿ ಕೈಕೊಟ್ಟಿತ್ತು; ಮಂಚ ಹಿಡಿದಿದ್ದರು. ತೋರಿಸಿಕೊಂಡು ಬರೋಣವೆಂದು ಅವಳನ್ನು ಕರೆದುಕೊಂಡು ಹೋದೆ.

ಕಾಕು ಅವಳನ್ನು ಮಂಚದ ಮೇಲೆ ಕೂರಿಸಿಕೊಂಡರು. “ನಾ ಇವಗ ವಿಷ ಹಾಕೀನಿ, ಹೇಳ್ಯಾನೇನು?”

ಅವಳು ನನ್ನ ಮುಖ ನೋಡಿದಳು. ಕಾಕು ಎಲ್ಲವನ್ನೂ ಹೇಳಿದರು, ತಮ್ಮ ತಪ್ಪನ್ನು ಒಂದಿಷ್ಟೂ ಕಿರಿದು ಮಾಡದೆ. “ಇಂವ ಸಣ್ಣದು ಮಾಡಿ ಹೇಳ್ತಾನ, ನಾಚಿಕಿ ಇವಗ. ನೀ ದೊಡ್ಡದಂತನ ತಿಳಿ. ಉಸಿರು ಹಿಡೀತು ಅಂದ್ರ ಏನಾತು, ಹೆಂಗಾತು ಅಂತ ಕೇಳ್ಕೋತ ಕೂಡಬ್ಯಾಡ. ಚುಚ್ಚು.”

“ಇಷ್ಟು ಸೀರಿಯಸ್ ಅಂತ ಯಾಕೆ ಹೇಳ್ಲಿಲ್ಲ? ಬತಾನಾ ಚಾಹಿಯೇ ಥಾ ನಾ!” ಎಂದಳು ಅವಳು ನನಗೆ. ಕಣ್ಣು ತುಂಬಿತ್ತು. ಆದರೂ ಎದ್ದು ಹೋಗಲಿಲ್ಲ. ಅಂದು ಸಂಜೆ ಕಾಕು ಮಲಗಿದಲ್ಲಿಂದಲೇ ಅವಳಿಗೆ ಸಿರಿಂಜು ಹಿಡಿಯುವುದನ್ನು ಕಲಿಸಿದರು. ಮೂರು ವಾರದ ಮೇಲೆ ತೀರಿಕೊಂಡರು. ನಮ್ಮ ಮದುವೆಗೆ ಅವರು ಇರಲಿಲ್ಲ.

ಹೋದ ವರ್ಷ ಗ್ರೇಟರ್ ನೋಯ್ಡಾದ ಸ್ನೇಹಿತರ ಮನೆಯಲ್ಲಿ, ಯಾವುದೋ ಬರ್ಫಿಯ ಒಂದು ಚೂರು ತಿಂದು ನಾನು ಗಂಟಲು ಹಿಡಿದುಕೊಂಡೆ. ಎಲ್ಲರೂ ಏನಾಯಿತು, ಏನಾಯಿತು ಎಂದು ಕೇಳುತ್ತಿರುವಾಗಲೇ ನನ್ನ ಹೆಂಡತಿ ಬ್ಯಾಗು ತೆರೆದಿದ್ದಳು. ಒಂದು ಪ್ರಶ್ನೆಯನ್ನೂ ಕೇಳದೆ, ಪ್ಯಾಂಟಿನ ಮೇಲಿಂದಲೇ ತೊಡೆಗೆ ಚುಚ್ಚಿದಳು. ಆಸ್ಪತ್ರೆಯಲ್ಲಿ ಉಸಿರು ಹದಕ್ಕೆ ಬಂದ ಮೇಲೆ ನೋಡುತ್ತೇನೆ, ಬರ್ಫಿಯಲ್ಲಿ ಏನೇನು ಹಾಕಿದ್ದರೆಂದು ಅವಳು ಆಗಷ್ಟೇ ಸ್ನೇಹಿತರನ್ನು ಕೇಳುತ್ತಿದ್ದಳು.