ಗಾಳಿಗೆ ಮನೆ ಕಟ್ಟುವ ಹಗ್ಗ

ನೂಲ್ಪುಳದ ಕಾಡಂಚಿನಲ್ಲಿ ಕಾರ್ತುವಿನ ಹಾಡಿ. ಬೇಸಿಗೆ ಮಳೆಗೆ ಮುಂಚೆ ಗದ್ದೆಯಲ್ಲಿ ಸುಂಟರಗಾಳಿ ಏಳುವ ಕಾಲ ಬಂದರೆ ಅಲ್ಲಿ ಮನೆಯನ್ನೇ ಕಟ್ಟಿಹಾಕುತ್ತಾರೆ. ಸೂರಿನ ಮೇಲೆ ಹಗ್ಗ ಹಾಯಿಸಿ, ಎರಡೂ ಕಡೆಯಿಂದ ಒಟ್ಟಿಗೆ ಎಳೆದು ಗೂಟಕ್ಕೆ ಬಿಗಿಯಬೇಕು. ಒಂದು ತುದಿ ಮನೆಯವಳದು, ಇನ್ನೊಂದು ಅವಳ ಒಡಹುಟ್ಟಿದವನದು. ಜೇನು ತೆಗೆಯಲು ಬಂಡೆಗೆ ಇಳಿಯುವವನ ಹಗ್ಗ ಹಿಡಿಯುವವನೂ ಹೆಂಡತಿಯ ಒಡಹುಟ್ಟಿದವನೇ. ಹಗ್ಗ ಬಿಟ್ಟು ತಂಗಿಯ ಬಾಳು ಹಾಳುಮಾಡಲು ಯಾರಿಗೆ ತಾನೆ ಮನಸ್ಸು ಬಂದೀತು?

ಕಾರ್ತುವಿನ ಗಂಡ ಬಾಲನ್ ತಪ್ಪಿದ್ದು ಅಲ್ಲೇ. ನಾಲ್ಕು ವರ್ಷದ ಹಿಂದೆ ಅವಳ ಅಣ್ಣ ಮಾಧವನ್ ಜ್ವರದಲ್ಲಿ ಮಲಗಿದ್ದಾಗ, ಜೇನು ಕೈತಪ್ಪೀತೆಂದು, ಪಕ್ಕದ ಮನೆಯ ಅಜೀಶನ ಕೈಗೆ ಹಗ್ಗ ಕೊಟ್ಟು ಇಳಿದ. ಒಂದು ಗೀರೂ ಇಲ್ಲದೆ ಮೇಲೆ ಬಂದ, ನಿಜ. ಆದರೆ ಮಾಧವನ್, "ನನ್ ತಂಗಿ ಬಾಳನ್ನ ಕಂಡವರ ಕೈಗೆ ಕೊಟ್ನಾ?" ಎಂದವನು ಮತ್ತೆ ಆ ಅಂಗಳ ತುಳಿಯಲಿಲ್ಲ. ಸಿಟ್ಟು ಅಂದರೆ ಅಂಥಿಂಥ ಸಿಟ್ಟಲ್ಲ! ಹೋದ ವರ್ಷ, ಕಟ್ಟದೆ ಬಿಟ್ಟ ಸೂರಿನ ಎರಡು ತಗಡು ಹಾರಿ ತೇಗದ ಮರಕ್ಕೆ ಸಿಕ್ಕಿಕೊಂಡವು.

ಕಾರ್ತು ಹಗಲಲ್ಲೂ ಕನಸು ಕಾಣುವ ಹೆಂಗಸು. ಈ ವರ್ಷ ಕಾಫಿ ತೋಟದಲ್ಲಿ ಕಳೆ ಕೀಳುತ್ತಾ ಕುಳಿತವಳ ಕಣ್ಣೆದುರು ಮನೆ ಮೆಲ್ಲಗೆ ಏಳುತ್ತಿತ್ತು. ಒಲೆ, ಮಡಕೆ, ಮಲಗಿದ ಬಾಲನ್ ಸಮೇತ ಗದ್ದೆಗಳ ಮೇಲೆ ತೇಲುತ್ತಿತ್ತು. ಅವಳು ಹಗ್ಗದ ತುದಿ ಹಿಡಿದು ಕೆಳಗೆ ನಡೆಯುವಳು. ದೂರದಲ್ಲಿ ಅಣ್ಣ, ಚಿಕ್ಕಂದಿನಲ್ಲಿದ್ದಷ್ಟೇ ಎತ್ತರ, ಬೆನ್ನು ತಿರುಗಿಸಿ ನಿಂತಿರುತ್ತಿದ್ದ. ಕೂಗಲು ಹೋದರೆ ದನಿಯೇ ಹೊರಡುತ್ತಿರಲಿಲ್ಲ.

"ಅಕ್ಕಾ, ನಾನ್ ಕಟ್ಕೊಡ್ತೀನಿ. ಎಂತ ಕಷ್ಟ?" ಅಂದ ಅಜೀಶ್.

"ನೀನು ಒಂದ್ಸಲ ಹಿಡ್ದಿದ್ದೇ ಸಾಕಪ್ಪಾ!"

ಕೊನೆಗೆ ತಾನೇ ಅಣ್ಣನ ಹಾಡಿಗೆ ಹೋದಳು. ಅವನು ಬಿದಿರು ಸೀಳುತ್ತಿದ್ದ. "ಅಣ್ಣಾ, ಗಾಳಿ ಬರೋ ಹೊತ್ತಾಯ್ತು," ಎಂದಳು. ತಲೆ ಎತ್ತಲಿಲ್ಲ ಪುಣ್ಯಾತ್ಮ! ನೀರು ಬೇಕಾ ಅಂತಲೂ ಕೇಳಲಿಲ್ಲ. ದಾರಿಯುದ್ದಕ್ಕೂ ಅಳುತ್ತಾ ಬಂದಳು.

ಮೂರನೆಯ ದಿನ ಮಧ್ಯಾಹ್ನ ಗದ್ದೆಯಾಚೆ ತರಗೆಲೆಗಳು ಎದ್ದು ನಿಂತು ಸುತ್ತತೊಡಗಿದವು. ಬಾಳೆಗಳು ಒಂದೊಂದಾಗಿ ಮಲಗಿದವು. ಇದೂ ಕನಸೇ ಅನ್ನಿಸಿತು ಅವಳಿಗೆ. ಹಗ್ಗವನ್ನು ಸೂರಿನಾಚೆ ಎಸೆದು ತನ್ನ ತುದಿ ಹಿಡಿದು ಕುಳಿತಳು. ಇನ್ನೊಂದು ತುದಿ ಹಿತ್ತಿಲಲ್ಲಿ ಅನಾಥವಾಗಿ ಬಿದ್ದಿತ್ತು. ಮಂಡಿನೋವಿನ ಬಾಲನ್ ಒಳಗಿಂದ, "ಬಾರೇ ಒಳಗೆ!" ಎಂದು ಕೂಗುತ್ತಲೇ ಇದ್ದ.

ಅಷ್ಟರಲ್ಲಿ ಹಗ್ಗ ಬಿಗಿಯಿತು. ಅವಳು ಎಳೆದಳು. ಆಚೆಯಿಂದಲೂ ಯಾರೋ ಎಳೆದರು. ಧೂಳು ಕಣ್ಣು ಕಟ್ಟಿತು, ತಗಡುಗಳು ಗಡಗಡ ನಡುಗಿದವು, ಸೂರು ಮಾತ್ರ ಇದ್ದಲ್ಲೇ ಉಳಿಯಿತು.

ಧೂಳು ಇಳಿದ ಮೇಲೆ ಹಿತ್ತಿಲಿನಿಂದ ಮಾಧವನ್ ದನಿ ಬಂತು. "ಗಾಳಿ ಹೋಯ್ತು. ಹಗ್ಗ ಬಿಡು ಕಾರ್ತೂ."

ಅವಳು ಹಗ್ಗವನ್ನು ಮುಂಗೈಗೆ ಇನ್ನೊಂದು ಸುತ್ತು ಸುತ್ತಿಕೊಂಡಳು.

"ಬಿಡಲ್ಲ ಅಣ್ಣಾ. ಬಿಟ್ರೆ ನೀ ಹೋಗ್ತೀಯ."